ಅನುಮಾನ ಮೊದಲು ಬಾಲ್ ಮೇಲೆ ಇರಲಿ

(ಡೊಂಬಿವಿಲಿಯ ನಮ್ಮ ಕನ್ನಡ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ನನ್ನ ಕೆಮ್ಮು, ನಡುವೆ ಬಂದ ಚಹಾ, ಮೈಕ್ ಕೈಕೊಟ್ಟ ಹತ್ತು ನಿಮಿಷ ಬಿಟ್ಟಿದ್ದೇನೆ. ಕೊನೆಗೆ ಕೆಳಗಿನ ಬೀದಿಯಲ್ಲಿ ನಡೆದದ್ದನ್ನು ಸೇರಿಸಿದ್ದೇನೆ.)

ನಮಸ್ಕಾರ. ಹೋದ ತಿಂಗಳು ಇದೇ ಜಾಗದಲ್ಲಿ ಒಬ್ಬ ಡಾಕ್ಟರು ಸಕ್ಕರೆ ಕಾಯಿಲೆ ಬಗ್ಗೆ ಮಾತಾಡಿದರು. ಅದರ ಹಿಂದಿನ ತಿಂಗಳು ಮ್ಯೂಚುವಲ್ ಫಂಡ್. ಈ ಸಲ ಮೇಜಿನ ಮೇಲೆ ಹದಿನೈದು ಬಾಲ್ ಜೋಡಿಸುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದೀರಿ. ಏರ್ಪಾಡು ಮಾಡಿದವರ ಧೈರ್ಯ ದೊಡ್ಡದು.

ನಾನು ಕುಂದಾಪುರ ಕಡೆಯವನು. ಹದಿನೈದನೇ ವಯಸ್ಸಿಗೆ ಮುಂಬೈಗೆ ಬಂದು ಘಾಟ್ಕೋಪರ್‌ನ ಒಂದು ಹೋಟೆಲಿನಲ್ಲಿ ಕಪ್ ತೊಳೆದೆ. ರಾತ್ರಿ ಶಾಲೆಗೂ ಹೋದೆ. ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಪೂಲ್ ಪಾರ್ಲರ್ ಇತ್ತು. ಪೂಲ್ ಅಂದರೆ ಬಟ್ಟೆ ಹೊದಿಸಿದ ಮೇಜಿನ ಮೇಲೆ ಕ್ಯೂ ಅನ್ನೋ ಕೋಲಿನಿಂದ ಬಾಲ್ ಹೊಡೆದು, ಅಂಚಿನ ಪಾಕೆಟ್ ಅನ್ನೋ ತೂತುಗಳಿಗೆ ಬೀಳಿಸುವ ಆಟ. ಚಹಾ ಕೊಡಲು ಹೋಗುತ್ತಾ ಹೋಗುತ್ತಾ ಅಲ್ಲೇ ಮಾರ್ಕರ್ ಆದೆ. ಮಾರ್ಕರ್ ಅಂದರೆ ಬಾಲ್ ಜೋಡಿಸುವವನು, ಸ್ಕೋರ್ ಬರೆಯುವವನು, ಜಗಳ ಬಿಡಿಸುವವನು. ಆಮೇಲೆ ಟೇಬಲ್ ಫಿಟಿಂಗ್ ಕಲಿತೆ. ಹೊಟ್ಟೆಪಾಡು ಈಗಲೂ ಅದೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಾಲ್‌ಗಳನ್ನೆಲ್ಲ ಒಂದು ಕಡೆ ಒತ್ತಾಗಿ ಜೋಡಿಸುತ್ತಾರೆ. ಇನ್ನೊಂದು ತುದಿಯಿಂದ ಬಿಳಿ ಬಾಲನ್ನು ಜೋರಾಗಿ ಹೊಡೆದು ಅವನ್ನು ಚದುರಿಸುತ್ತಾರೆ. ಅದು ಬ್ರೇಕ್. ಆ ಜೋಡಣೆಗೆ ರ‍್ಯಾಕ್ ಅನ್ನುತ್ತಾರೆ. ಜೋಡಿಸುವ ಮರದ ಅಥವಾ ಪ್ಲಾಸ್ಟಿಕ್ ಚೌಕಟ್ಟಿಗೂ ರ‍್ಯಾಕ್ ಅಂತಲೇ ಹೆಸರು. ಗೊಂದಲ ಬೇಡ, ಚೌಕಟ್ಟನ್ನು ನಾನು ಟ್ರಯಾಂಗಲ್ ಅನ್ನುತ್ತೇನೆ. ಎಯ್ಟ್ ಬಾಲ್ ಆಟಕ್ಕೆ ಹದಿನೈದು ಬಾಲ್, ಐದು ಸಾಲು. ನೈನ್ ಬಾಲ್‌ಗೆ ಒಂಬತ್ತು ಬಾಲ್, ಗಾಳಿಪಟದ ಆಕಾರ. ಟೆನ್ ಬಾಲ್‌ಗೆ ಹತ್ತು ಬಾಲ್, ಸಣ್ಣ ತ್ರಿಕೋನ. ಮುಂದಿನ ತುದಿಯ ಬಾಲ್ ಮೇಜಿನ ಮೇಲೆ ಗುರುತು ಮಾಡಿದ ಜಾಗದಲ್ಲಿ ಕೂರಬೇಕು. ಅದು ಫುಟ್ ಸ್ಪಾಟ್. ಒಂಬತ್ತು ಅಡಿಯ ಮೇಜಿನಲ್ಲಿ ಆಡುವ ಜಾಗ 100 ಇಂಚು ಉದ್ದ, 50 ಇಂಚು ಅಗಲ. ಫುಟ್ ಸ್ಪಾಟ್ ಹಿಂದಿನ ಕುಶನ್‌ನಿಂದ, ಅಂದರೆ ಮೇಜಿನ ಅಂಚಿನ ರಬ್ಬರ್ ಪಟ್ಟಿಯಿಂದ, 25 ಇಂಚು ದೂರ.

ಇಷ್ಟೇ. ಇಷ್ಟಕ್ಕೆ ಎಷ್ಟು ಜಗಳ ಗೊತ್ತಾ?

ನನ್ನದೇ ಒಂದು ಹೇಳುತ್ತೇನೆ. ಮಾರ್ಕರ್ ಆಗಿ ನಾಲ್ಕೈದು ವರ್ಷ ಆಗಿತ್ತು. ಕೈ ಸ್ವಲ್ಪ ಪಳಗಿತ್ತು, ತಲೆ ಜಾಸ್ತಿಯೇ ತಿರುಗಿತ್ತು. ಬೇರೆ ಪಾರ್ಲರ್ ಒಂದರಲ್ಲಿ ಸಣ್ಣ ಟೂರ್ನಮೆಂಟ್. ನೈನ್ ಬಾಲ್. ನಿಯಮ ಏನಂದರೆ ನನಗೆ ಎದುರಾಳಿ ಜೋಡಿಸಬೇಕು, ಅವನಿಗೆ ನಾನು ಜೋಡಿಸಬೇಕು. ಮೂರು ಸಲ ಬ್ರೇಕ್ ಮಾಡಿದೆ, ಒಂದು ಬಾಲೂ ಬೀಳಲಿಲ್ಲ. ನಾಲ್ಕನೇ ಸಲ ಹತ್ತಿರ ಹೋಗಿ ಬಗ್ಗಿ ನೋಡಿದೆ. ಮುಂದಿನ ಒಂದು ನಂಬರ್ ಬಾಲ್‌ಗೂ ಅದರ ಹಿಂದಿನ ಎಡಗಡೆ ಬಾಲ್‌ಗೂ ನಡುವೆ ಬೆಳಕು ಕಾಣುತ್ತಿತ್ತು. ತೆಳ್ಳಗೆ, ಬ್ಲೇಡಿನ ಅಂಚಿನ ಹಾಗೆ. ನನಗೆ ಪಿತ್ತ ನೆತ್ತಿಗೇರಿತು. ಎಲ್ಲರೆದುರು ಕೂಗಾಡಿದೆ. ಬೇಕಂತಲೇ ಸಂದು ಬಿಡ್ತಿದ್ದೀಯ, ಮೋಸಗಾರ, ಇನ್ನೂ ಏನೇನೋ. ಎದುರಿಗಿದ್ದವರು ನನಗಿಂತ ದೊಡ್ಡವರು, ಮರಾಠಿಯವರು. ಒಂದು ಮಾತೂ ಆಡಲಿಲ್ಲ. ಟ್ರಯಾಂಗಲ್ ಎತ್ತಿ ನನ್ನ ಕೈಗೆ ಕೊಟ್ಟರು. ‘ತೂ ಲಾವ್’ ಅಂದರು. ನೀನೇ ಹಾಕು ಅಂತ.

ಹಾಕಿದೆ. ಅದೇ ಜಾಗದಲ್ಲಿ ಅದೇ ಸಂದು. ಮತ್ತೆ ಹಾಕಿದೆ. ಮತ್ತೆ ಅದೇ. ಆರು ಸಲ ಹಾಕಿರಬೇಕು. ನೋಡುತ್ತಿದ್ದವರು ನಗಲು ಶುರು ಮಾಡಿದರು. ಕೊನೆಗೆ ಒಂದು ನಂಬರ್ ಬಾಲ್ ತೆಗೆದು ಬಟ್ಟೆ ಮೇಲೆ ಬೆರಳಾಡಿಸಿದೆ. ಸ್ಪಾಟ್ ಪಕ್ಕ ಒಂದು ಗುಳಿ. ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತಿತ್ತು. ಟ್ರಯಾಂಗಲ್ ತೆಗೆದ ಕೂಡಲೇ ಬಾಲ್ ಅದರೊಳಗೆ ಮೆಲ್ಲಗೆ ಜಾರಿ ಕೂರುತ್ತಿತ್ತು.

ಕ್ಷಮೆ ಕೇಳಿದೆ. ಅವರು ತಲೆ ಆಡಿಸಿದರು. ಆಮೇಲೆ ನನ್ನನ್ನು ಚೆನ್ನಾಗಿಯೇ ಸೋಲಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವು ನಗುತ್ತೇವೆ. ನನ್ನ ಕಸುಬಿನಲ್ಲಿ ಒಂದು ತಮಾಷೆ ಇದೆ. ಇಲ್ಲಿ ನೆಲ ಬಹಳ ಸಲ ನಿಜವಾಗಿಯೂ ಡೊಂಕಾಗಿರುತ್ತದೆ. ಲೂಸ್ ರ‍್ಯಾಕ್ ಕಂಡ ಕೂಡಲೇ ಜನ ಜೋಡಿಸಿದವನ ಮುಖ ನೋಡುತ್ತಾರೆ. ನಾನು ಬಟ್ಟೆ ನೋಡಿ, ಬಾಲ್ ನೋಡಿ, ಕೊನೆಗೆ ಮುಖ ನೋಡಿ ಅನ್ನುತ್ತೇನೆ. ಇವತ್ತು ಹೇಳಲು ಬಂದಿರುವುದು ಅದನ್ನೇ.

ಮೊದಲು, ಒತ್ತಾಗಿ ಯಾಕೆ ಇರಬೇಕು? ಇಲ್ಲಿ ಬೆಳಗ್ಗೆ ಫಾಸ್ಟ್ ಲೋಕಲ್ ಹತ್ತುವವರು ಎಷ್ಟು ಜನ ಇದ್ದೀರಿ? ಎಲ್ಲರೂ ಕೈ ಎತ್ತಿದಿರಿ. ಸರಿ. ಬಾಗಿಲಲ್ಲಿ ಒಬ್ಬ ಭುಜ ಕೊಟ್ಟು ತಳ್ಳಿದರೆ ಏನಾಗುತ್ತದೆ? ನಡುವಿನವರು ಅಲ್ಲಾಡುವುದಿಲ್ಲ, ಆಚೆ ಬಾಗಿಲಲ್ಲಿ ನೇತಾಡುತ್ತಿರುವವನು ಕಂಬ ಗಟ್ಟಿಯಾಗಿ ಹಿಡಿಯುತ್ತಾನೆ. ಅದೇ ಮಧ್ಯಾಹ್ನದ ಖಾಲಿ ಗಾಡಿಯಲ್ಲಿ ತಳ್ಳಿ ನೋಡಿ. ಒಬ್ಬ ಮುಗ್ಗರಿಸಿ ಇನ್ನೊಬ್ಬನ ಮೇಲೆ ಬೀಳುತ್ತಾನೆ, ಅವನು ಸೀಟಿನ ಮೇಲೆ. ಆಚೆ ಬಾಗಿಲಿಗೆ ಸುದ್ದಿಯೇ ಹೋಗುವುದಿಲ್ಲ. ಬಾಲ್‌ಗಳೂ ಹಾಗೇ. ಒಂದಕ್ಕೊಂದು ತಾಕಿಕೊಂಡಿದ್ದರೆ ಪೆಟ್ಟು ಹಿಂದಿನ ಸಾಲಿನವರೆಗೆ ಹೋಗುತ್ತದೆ, ಅಂಚಿನ ಬಾಲ್‌ಗಳು ಸಿಡಿಯುತ್ತವೆ. ನಡುವೆ ಸಂದು ಇದ್ದರೆ ಮುಂದಿನವು ಒಂದನ್ನೊಂದು ವಾರೆ ವಾರೆಯಾಗಿ ಗುದ್ದಿಕೊಂಡು ಅಲ್ಲೇ ಗುಂಪಾಗಿ ನಿಲ್ಲುತ್ತವೆ.

ದಿಕ್ಕಿನ ವಿಷಯ ಇನ್ನೂ ಮುಖ್ಯ. ತಾಕಿಕೊಂಡಿರುವ ಎರಡು ಬಾಲ್‌ಗಳಲ್ಲಿ ಹಿಂದಿನದಕ್ಕೆ ಪೆಟ್ಟು ಬಿದ್ದರೆ, ಮುಂದಿನದು ಎರಡರ ನಡುಬಿಂದುಗಳನ್ನು ಸೇರಿಸುವ ಗೆರೆಯ ಮೇಲೆಯೇ ಹೆಚ್ಚುಕಡಿಮೆ ಹೋಗುತ್ತದೆ. ಪೆಟ್ಟು ಸ್ವಲ್ಪ ಅತ್ತಿತ್ತ ಬಿದ್ದರೂ ಪರವಾಗಿಲ್ಲ. ಸಂದು ಬಂತೋ, ಆ ಗ್ಯಾರಂಟಿ ಹೋಯಿತು. ನೈನ್ ಬಾಲ್ ರ‍್ಯಾಕ್ ಪಕ್ಕಾ ಇದ್ದರೆ, ಎರಡು ಪಕ್ಕದಲ್ಲಿ ರೆಕ್ಕೆ ತರಹ ಕೂತಿರುವ ಬಾಲ್‌ಗಳಲ್ಲಿ ಒಂದು ರ‍್ಯಾಕ್ ಹತ್ತಿರದ ಕಾರ್ನರ್ ಪಾಕೆಟ್ ಕಡೆಗೆ ದಾರಿ ಗೊತ್ತಿರುವ ಹಸುವಿನ ಹಾಗೆ ಹೋಗುತ್ತದೆ. ಆಟಗಾರರು ಅದನ್ನೇ ಕಾಯುತ್ತಿರುತ್ತಾರೆ.

ಈಗ ಕೇರಂ. ಚಾಳಿನಲ್ಲಿ ಬೆಳೆದವರಿಗೆ ಕೇರಂ ಹೇಳಿಕೊಡಬೇಕಾಗಿಲ್ಲ. ನಡುವೆ ಕೆಂಪು ಕ್ವೀನ್, ಸುತ್ತ ಆರು ಕಾಯಿ, ಅದರ ಸುತ್ತ ಹನ್ನೆರಡು. (ಇಲ್ಲಿ ನಾನು ಚೀಲದಿಂದ ಕಾಯಿಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದೆ. ಹಿಂದಿನವರು ಎದ್ದು ಬಂದರು.) ಒಂದರ ಸುತ್ತ ಸರಿಯಾಗಿ ಆರೇ ಯಾಕೆ ಹಿಡಿಯುತ್ತವೆ? ಎಲ್ಲ ಒಂದೇ ಅಳತೆ ಇರುವುದರಿಂದ. ನಡುವಿನ ಕ್ವೀನ್ ತೆಗೆದು, ಬೇರೆ ಸೆಟ್ಟಿನ ಸ್ವಲ್ಪ ದೊಡ್ಡ ಕ್ವೀನ್ ಇಡುತ್ತೇನೆ ನೋಡಿ. ಸುತ್ತಲಿನ ಆರೂ ಕ್ವೀನ್‌ಗೆ ತಾಕಿವೆ, ಆದರೆ ಅವುಗಳೊಳಗೆ ಒಂದು ಕಡೆ ಬಿರುಕು ಬಿಟ್ಟಿದೆ. ಬೆರಳಲ್ಲಿ ಒತ್ತಿ ಮುಚ್ಚಿದರೆ ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ಈ ಬಿರುಕು ಎಲ್ಲಿಗಾದರೂ ಓಡುತ್ತದೆ, ಮಾಯ ಮಾತ್ರ ಆಗುವುದಿಲ್ಲ. ಲೆಕ್ಕ ಹಾಕಿದರೆ, ನಡುವಿನದರ ಅಡ್ಡಳತೆ 0.1 ಮಿಲಿಮೀಟರ್ ಹೆಚ್ಚಿದ್ದರೆ ಸುತ್ತಿನ ಸಂದುಗಳೆಲ್ಲ ಸೇರಿ ಸುಮಾರು 0.35 ಮಿಲಿಮೀಟರ್ ಆಗುತ್ತದೆ. ತಪ್ಪು ಮೂರೂವರೆ ಪಟ್ಟು ಬೆಳೆಯಿತು. ನಡುವಿನದು ಸಣ್ಣದಾದರೆ ಉಲ್ಟಾ. ಸುತ್ತಿನವು ಕೈ ಕೈ ಹಿಡಿದು ನಿಲ್ಲುತ್ತವೆ, ನಡುವಿನದು ಒಳಗೆ ಗಿಲಕಿ ಹಾಗೆ ಅಲ್ಲಾಡುತ್ತದೆ.

ಇದನ್ನು ರ‍್ಯಾಕ್‌ಗೆ ತನ್ನಿ. ಹದಿನೈದು ಬಾಲ್‌ನ ತ್ರಿಕೋನದಲ್ಲಿ ಬಾಲ್‌ಗೆ ಬಾಲ್ ತಾಕುವ ಜಾಗ ಒಟ್ಟು 30. ಕಾಗದದ ಮೇಲೆ ಬರೆದು ಎಣಿಸಿ ನೋಡಿ. ಅದರಲ್ಲಿ ಸುತ್ತಲೂ ಆರು ಬಾಲ್ ಇರುವ ಬಾಲ್‌ಗಳು ಮೂರು: ಮೂರನೇ ಸಾಲಿನ ನಡುವಿನದು, ನಾಲ್ಕನೇ ಸಾಲಿನ ನಡುವಿನ ಎರಡು. ಅಂದರೆ ಬಿರುಕು ಬಿಡಬಹುದಾದ ಮೂರು ಸುತ್ತು. ಬಾಲ್‌ಗಳು ಅಳತೆಯಲ್ಲಿ ಚೂರುಪಾರು ಹೆಚ್ಚುಕಡಿಮೆ ಇದ್ದರೆ, ಬ್ರಹ್ಮ ಬಂದು ಜೋಡಿಸಿದರೂ 30ರಲ್ಲಿ 27 ತಾಕಿಸಬಹುದು, ಉಳಿದ ಮೂರು ಅದೃಷ್ಟ. ನೈನ್ ಬಾಲ್‌ನಲ್ಲಿ ತಾಕುವ ಜಾಗ 16, ಟೆನ್ ಬಾಲ್‌ನಲ್ಲಿ 18. ಎರಡರಲ್ಲೂ ನಡುವಿನ ಬಾಲ್ ಒಂದೇ, ಹಾಗಾಗಿ ಕೈಮೀರಿದ ಸಂದೂ ಒಂದೇ. ಎಯ್ಟ್ ಬಾಲ್ ರ‍್ಯಾಕ್ ಟೈಟ್ ಆಗಲ್ಲ ಅಂತ ಗೊಣಗುವವರು ಜಾಸ್ತಿ ಇರುವುದಕ್ಕೆ ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಗೊಣಗುವುದು ಸರಿಯೇ. ಬೈಗುಳ ಮಾತ್ರ ತಪ್ಪು ವಿಳಾಸಕ್ಕೆ ಹೋಗುತ್ತಿದೆ.

ಹೊಸ ಬಾಲ್ ಎಷ್ಟು ಸಮ ಇರುತ್ತದೆ? ಪೂಲ್ ಬಾಲ್‌ನ ಅಡ್ಡಳತೆ ಎರಡೂ ಕಾಲು ಇಂಚು, ಅಂದರೆ 57.15 ಮಿಲಿಮೀಟರ್. ನಿಯಮದಲ್ಲಿ ಇಂಚಿನ ಸಾವಿರ ಭಾಗದಲ್ಲಿ ಐದು ಭಾಗದಷ್ಟು, ಅಂದರೆ 0.127 ಮಿಲಿಮೀಟರ್, ಹೆಚ್ಚುಕಡಿಮೆಗೆ ಅವಕಾಶ ಇದೆ. ಒಂದೆರಡು ತಲೆಗೂದಲಿನ ದಪ್ಪ. ಒಳ್ಳೆ ಕಂಪನಿಯ ಫೆನಾಲಿಕ್ ರೆಸಿನ್ ಬಾಲ್‌ಗಳು ಒಂದೇ ಸೆಟ್ಟಿನಲ್ಲಿ ಇದಕ್ಕಿಂತ ಎಷ್ಟೋ ಸಮವಾಗಿರುತ್ತವೆ. ಸೆಟ್ ಹಳೆಯದಾದರೆ ಎಲ್ಲ ಬಾಲೂ ಸವೆಯುತ್ತವೆ. ಆದರೆ ಎಲ್ಲವೂ ಒಂದೇ ಸಮ ಸವೆಯುವುದಿಲ್ಲ. ಹಾಗಾಗಿ ಸೆಟ್ ಹಳೆಯದಾದಷ್ಟೂ ಕಷ್ಟಪಟ್ಟೇ ಟೈಟ್ ರ‍್ಯಾಕ್ ಆಗುತ್ತದೆ. ಬಿಳಿ ಬಾಲ್ ಪ್ರತಿ ಹೊಡೆತಕ್ಕೂ ಓಡುವುದರಿಂದ ಬೇಗ ಸವೆಯುತ್ತದೆ, ಆದರೆ ಅದು ರ‍್ಯಾಕ್ ಒಳಗೆ ಬರುವುದಿಲ್ಲವಲ್ಲ.

ಇನ್ನೂ ದೊಡ್ಡ ತೊಂದರೆ ಇರುವುದು ಕಲಬೆರಕೆಯಲ್ಲಿ. ಹನ್ನೊಂದು ನಂಬರ್ ಕಳೆದುಹೋಗುತ್ತದೆ. ಹೇಗೆ ಕಳೆದುಹೋಗುತ್ತದೆ ಅಂತ ಕೇಳಬೇಡಿ, ನನ್ನ ಕಣ್ಣೆದುರೇ ಒಬ್ಬ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದಿದ್ದಾನೆ. ಮಾಲೀಕರು ಗೋದಾಮಿನಿಂದ ಬೇರೆ ಸೆಟ್ಟಿನ ಹನ್ನೊಂದು ತಂದು ಸೇರಿಸುತ್ತಾರೆ. ಆರು ವರ್ಷ ಸವೆದ ಹದಿನಾಲ್ಕರ ನಡುವೆ ಒಂದು ಹೊಸದು. ಅವತ್ತಿನಿಂದ ಆ ಟೇಬಲ್‌ನಲ್ಲಿ ಜಗಳ ಶುರು. ಮಾಲೀಕರಿಗೆ ಕಾರಣ ಹೇಳಿದರೆ, ‘ಬಾಲ್ ಬಾಲೇ ಅಲ್ವಾ ಅಣ್ಣಾ’ ಅನ್ನುತ್ತಾರೆ. ಮುಂಬೈಯಲ್ಲಿ ದಕ್ಷಿಣದವರೆಲ್ಲ ಅಣ್ಣಾನೇ, ಅದಿರಲಿ.

ಇದಕ್ಕೆ ನನ್ನ ಹತ್ತಿರ ಒಂದು ಮದ್ದು ಇದೆ. ಡಿಜಿಟಲ್ ಕ್ಯಾಲಿಪರ್‌ನಲ್ಲಿ ಬಾಲ್‌ಗಳನ್ನು ಅಳೆಯಿರಿ. ಕಾಲು ಗಂಟೆ ಕೆಲಸ. ಬೇರೆ ಅಳತೆಯ ಬಾಲ್ ಸಿಕ್ಕಿದರೆ ಅದನ್ನು ತ್ರಿಕೋನದ ಮೂಲೆಗೆ ಹಾಕಿ. ಮೂಲೆಯ ಬಾಲ್‌ಗೆ ನೆಂಟರು ಇಬ್ಬರೇ. ಅದು ಯಾವ ಆರರ ಸುತ್ತಿನಲ್ಲೂ ಇಲ್ಲ. ದೊಡ್ಡದಿರಲಿ ಸಣ್ಣದಿರಲಿ, ಇಬ್ಬರಿಗೂ ತಾಕಿಕೊಂಡು ಸುಮ್ನೆ ಕೂರುತ್ತದೆ, ಉಳಿದ ಹದಿನಾಲ್ಕಕ್ಕೆ ತೊಂದರೆ ಕೊಡುವುದಿಲ್ಲ. ನೈನ್ ಬಾಲ್ ಆದರೆ ಹಿಂದಿನ ತುದಿಗೆ. ಮೂಲೆ ಬಿಟ್ಟು ಬೇರೆ ಎಲ್ಲಿಟ್ಟರೂ, ಅಂಚಿನಲ್ಲಿಟ್ಟರೂ, ಯಾವುದಾದರೂ ಒಂದು ಸುತ್ತನ್ನು ಕೆಡಿಸುತ್ತದೆ. ಎಂಟು ನಂಬರೇ ಬೇರೆ ಅಳತೆಯದಾದರೆ? ಅದು ನಡುವೆಯೇ ಇರಬೇಕು, ನಿಯಮ. ಆಗ ಮಾಲೀಕರ ಜೇಬಿಗೆ ಕೈ ಹಾಕುವುದೊಂದೇ ದಾರಿ.

ಹೀಗೆ ಜಾಗ ಬದಲಿಸುವಾಗ ಎದುರಾಳಿಗೆ ಹೇಳಿ ಮಾಡಿ. ಎಯ್ಟ್ ಬಾಲ್‌ನಲ್ಲಿ ಎಂಟು ನಂಬರ್ ನಡುವೆ, ಹಿಂದಿನ ಎರಡು ಮೂಲೆಗಳಲ್ಲಿ ಒಂದು ಪೂರ್ತಿ ಬಣ್ಣದ್ದು ಒಂದು ಪಟ್ಟೆಯದ್ದು ಇರಬೇಕು, ಉಳಿದವು ಹೇಗೆ ಬಂದವೋ ಹಾಗೆ. ನೈನ್ ಬಾಲ್‌ನಲ್ಲಿ ಒಂದು ಮುಂದೆ, ಒಂಬತ್ತು ನಡುವೆ. ‘ಹೇಗೆ ಬಂದವೋ ಹಾಗೆ’ ಅನ್ನೋ ಮಾತಿನಲ್ಲೇ ಕಳ್ಳದಾರಿ ಇದೆ. ನೈನ್ ಬಾಲ್‌ನಲ್ಲಿ ನಂಬರ್ ಪ್ರಕಾರ ಹೊಡೆಯಬೇಕಲ್ಲ, ಎರಡು ಎಲ್ಲಿ ಹೋಗಿ ನಿಲ್ಲುತ್ತದೆ, ಮೂರು ಎಲ್ಲಿ ಅಂತ ಅಂದಾಜು ಇರುವವನು ತನಗೆ ಬೇಕಾದ ಜಾಗದಲ್ಲಿ ಅವನ್ನು ಇಟ್ಟುಕೊಳ್ಳುತ್ತಾನೆ. ರ‍್ಯಾಕ್ ಟೈಟ್ ಆಗಿಯೇ ಇರುತ್ತದೆ, ನ್ಯಾಯವಾಗಿ ಇರುವುದಿಲ್ಲ. ಟೈಟ್ ಬೇರೆ, ನ್ಯಾಯ ಬೇರೆ.

ಸಂದು ಬಿಟ್ಟು ಮೋಸ ಮಾಡುವವರೂ ಇದ್ದಾರೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ದುಡ್ಡು ಕಟ್ಟಿ ಆಡುವ ಕಡೆ ಜಾಸ್ತಿ. ತಮಗೆ ಒಳ್ಳೆ ರ‍್ಯಾಕ್, ಎದುರಾಳಿಗೆ ಮುಂದಿನ ಬಾಲ್ ಹಿಂದೆ ಕೂದಲೆಳೆ ಸಂದು. ಇನ್ನು ಕೆಲವರು ಟ್ರಯಾಂಗಲನ್ನು ಒಂದು ಚೂರು ತಿರುಗಿಸಿ ಇಡುತ್ತಾರೆ. ಎಲ್ಲ ಬಾಲೂ ತಾಕಿರುತ್ತವೆ, ಆದರೆ ರೆಕ್ಕೆ ಬಾಲ್ ಪಾಕೆಟ್ ಬಿಟ್ಟು ಕುಶನ್ ನೋಡುತ್ತಿರುತ್ತದೆ. ಇದನ್ನು ಹಿಡಿಯುವುದು ಸುಲಭ. ಹಿಂದಿನ ಸಾಲು ಹಿಂದಿನ ಕುಶನ್‌ಗೆ ಸಮಾನಾಂತರ ಇದೆಯಾ ಅಂತ ನೋಡಿ, ಅಷ್ಟೇ. ಮೋಸಗಾರನಿಗೂ ಗುಳಿಗೂ ಇರುವ ವ್ಯತ್ಯಾಸ ಹೇಳುತ್ತೇನೆ. ಗುಳಿ ಇಬ್ಬರಿಗೂ ಒಂದೇ ಜಾಗದಲ್ಲಿ ಸಂದು ಕೊಡುತ್ತದೆ. ಮೋಸ ಒಬ್ಬರಿಗೆ ಮಾತ್ರ. ಅವತ್ತು ಆ ಮರಾಠಿಯವರ ಬ್ರೇಕ್‌ಗೆ ನಾನು ಹಾಕಿದ ರ‍್ಯಾಕ್‌ಗಳನ್ನು ಬಗ್ಗಿ ನೋಡಿದ್ದರೆ ನನಗೆ ಗೊತ್ತಾಗಿಬಿಡುತ್ತಿತ್ತು.

ಗುಳಿ ಹೇಗೆ ಬರುತ್ತದೆ? ಬ್ರೇಕ್‌ನಲ್ಲಿ ಬಿಳಿ ಬಾಲ್ ಬಟ್ಟೆಯಿಂದ ಸ್ವಲ್ಪ ಮೇಲೆ ಹಾರಿಕೊಂಡೇ ಬರುತ್ತದೆ. ಮುಂದಿನ ಬಾಲ್‌ನ ನಡುವಿಗಿಂತ ತುಸು ಮೇಲೆ ಬಡಿಯುತ್ತದೆ, ಅದನ್ನು ಬಟ್ಟೆಯೊಳಗೆ ಒತ್ತುತ್ತದೆ. ದಿನಕ್ಕೆ ನೂರಾರು ಸಲ ಅದೇ ಜಾಗಕ್ಕೆ ಪೆಟ್ಟು. ಸಾಲದ್ದಕ್ಕೆ ನಮ್ಮ ಮಾರ್ಕರ್‌ಗಳಿಗೆ ಒಂದು ಚಟ. ಬಾಲ್ ಕೂರಲಿಲ್ಲ ಅಂದರೆ ಇನ್ನೊಂದು ಬಾಲ್ ತಗೊಂಡು ಮೇಲಿಂದ ಟಕ್ ಟಕ್ ಅಂತ ತಟ್ಟುತ್ತಾರೆ. ಆಗ ಅದು ಕೂರುತ್ತದೆ, ನಿಜ, ಆದರೆ ಹೊಸ ಗುಳಿ ತೋಡಿಕೊಂಡು. ನಾಳೆ ಬೇರೆ ಬಾಲ್‌ಗೆ ಆ ಗುಳಿ ಅಡ್ಡಿ. ಬೇಕಂತಲೇ, ಸರಿಯಾದ ಅಚ್ಚು ಇಟ್ಟು, ಒಂದೊಂದು ಬಾಲ್‌ಗೂ ಅಳತೆ ಪ್ರಕಾರ ಗುಳಿ ತಟ್ಟಿ ಕೊಡುವ ಪದ್ಧತಿಯೂ ಇದೆ. ಯುರೋಪಿನಲ್ಲಿ ಟೂರ್ನಮೆಂಟ್ ಟೇಬಲ್‌ಗಳಿಗೆ ಹಾಗೆ ಮಾಡಿದ್ದುಂಟು. ಅದು ಕಸೂತಿ ಹಾಗೆ. ನಮ್ಮದು ಮೆಣಸು ಕುಟ್ಟಿದ ಹಾಗೆ.

ಸ್ಪಾಟ್ ಮೇಲೆ ಅಂಟಿಸುವ ಕರಿ ಸ್ಟಿಕ್ಕರ್‌ನ ಅಂಚು ಎದ್ದಿದ್ದರೂ ಮುಂದಿನ ಬಾಲ್ ಉರುಳುತ್ತದೆ. ಕ್ಯೂ ತುದಿಗೆ ಹಚ್ಚುವ ಚಾಕ್ ಪುಡಿಯ ಕಣ ಒಂದು ಸಾಕು. ಮಳೆಗಾಲದ ಕಥೆ ಬೇರೆ: ಜೂನ್ ಬಂತು ಅಂದರೆ ಮುಂಬೈಯಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ. ಉಣ್ಣೆ ಬಟ್ಟೆ ತೇವ ಹೀರಿ ಸಡಿಲ ಬೀಳುತ್ತದೆ, ಬಾಲ್ ನಿಧಾನ ಓಡುತ್ತದೆ. ಮೇಜಿನ ಮಟ್ಟ ತಪ್ಪಿದ್ದರೆ ಎಲ್ಲ ಬಾಲೂ ಒಂದೇ ಕಡೆ ಜರುಗಲು ನೋಡುತ್ತವೆ. ಸ್ಪಿರಿಟ್ ಲೆವೆಲ್ ಇಟ್ಟರೆ ಗೊತ್ತಾಗುತ್ತದೆ. ಇವನ್ನೆಲ್ಲ ಸರಿಮಾಡುವುದು ನನ್ನಂಥವರ ಕೆಲಸ, ಫೋನ್ ಮಾಡಿ.

ಬಾಲ್ ಹೊಳೆಯಲಿ ಅಂತ ತೆಂಗಿನೆಣ್ಣೆ ಹಚ್ಚಿದ ಒಬ್ಬ ಮಾರ್ಕರನ್ನು ನಾನು ನೋಡಿದ್ದೇನೆ. ನಮ್ಮ ಕಡೆಯವನೇ. ದಯವಿಟ್ಟು ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು.

ಈಗ ಕೈ ಕೆಲಸ. ಇದನ್ನು ಮಾತಿನಲ್ಲಿ ಹೇಳುವುದು ನೀರು ದೋಸೆ ಹುಯ್ಯುವುದನ್ನು ಫೋನಿನಲ್ಲಿ ಹೇಳಿಕೊಟ್ಟ ಹಾಗೆ, ಆದರೂ ಹೇಳುತ್ತೇನೆ. ಮೊದಲು ಸ್ಪಾಟ್ ಸುತ್ತ ಅಂಗೈಯಲ್ಲಿ ಒರೆಸಿ. ಬ್ರಷ್ ಇದ್ದರೆ ಇನ್ನೂ ಒಳ್ಳೆಯದು. ಬಾಲ್ ತುಂಬಿದ ಟ್ರಯಾಂಗಲನ್ನು ಸ್ಪಾಟ್‌ಗಿಂತ ಸ್ವಲ್ಪ ಹಿಂದಿನಿಂದ ಮುಂದಕ್ಕೆ ತಂದು ಗಕ್ಕನೆ ನಿಲ್ಲಿಸಿ. ಬಾಲ್‌ಗಳು ತಾವಾಗಿ ಮುಂದೆ ಹೋಗಿ ಒತ್ತಿಕೊಳ್ಳುತ್ತವೆ. ಈಗ ಬೆರಳುಗಳನ್ನು ಹಿಂದಿನ ಸಾಲಿಗೂ ಟ್ರಯಾಂಗಲ್‌ಗೂ ನಡುವೆ ತೂರಿಸಿ, ಐದೂ ಬಾಲನ್ನು ಒಂದೇ ಸಮ ಮುಂದೆ ಒತ್ತಿ ಹಿಡಿಯಿರಿ. ಎಲ್ಲರೂ ನಡುವೆ ಜೋರಾಗಿ ಒತ್ತುತ್ತಾರೆ, ಮೂಲೆಗಳನ್ನು ಮರೆಯುತ್ತಾರೆ. ಒಂದು ಉಸಿರು ತಗೊಳ್ಳಿ. ಬೆರಳು ಮೆಲ್ಲಗೆ ತೆಗೆಯಿರಿ.

ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬಾಲ್‌ಗಳು ಟ್ರಯಾಂಗಲ್‌ನ ಮುಂದಿನ ಎರಡು ಬದಿಗೆ ಒರಗಿರುತ್ತವೆ. ಹಾಗೇ ಎತ್ತಿದರೆ ಚೌಕಟ್ಟು ಉಜ್ಜಿಕೊಂಡು ಹೋಗುತ್ತದೆ, ಒಂದೆರಡು ಬಾಲನ್ನು ಎಳೆಯುತ್ತದೆ. ಅದಕ್ಕೇ ಮೊದಲು ಟ್ರಯಾಂಗಲನ್ನು ಅಕ್ಕಿಕಾಳಿನಷ್ಟು ಮುಂದೆ ಸರಿಸಿ. ಮುಂದಿನ ಬದಿಗಳು ಬಾಲ್‌ನಿಂದ ಬಿಡಿಸಿಕೊಳ್ಳುತ್ತವೆ. ಆಮೇಲೆ ನೆಟ್ಟಗೆ ಮೇಲೆತ್ತಿ. ತೆಳು ಪ್ಲಾಸ್ಟಿಕ್ ಟ್ರಯಾಂಗಲ್ ಕೈಯಲ್ಲೇ ಬಾಗುತ್ತದೆ, ಅದರಲ್ಲಿ ಈ ಕೆಲಸ ಕಷ್ಟ. ಮರದ್ದು ಒಳ್ಳೆಯದು. ಎತ್ತಿದ ಮೇಲೆ ಮುಂದಿನಿಂದ ಬಗ್ಗಿ ನೋಡಿ. ಮುಂದಿನ ಬಾಲ್ ಹಿಂದಿನ ಎರಡಕ್ಕೂ ತಾಕಿರಲೇಬೇಕು. ಎಲ್ಲವನ್ನೂ ಸರಿಮಾಡಲು ಆಗದಿದ್ದರೆ ಮೊದಲ ಎರಡು ಸಾಲನ್ನಾದರೂ ಸರಿಮಾಡಿ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಸುಳ್ಳು ಹೇಳಲು ಯಾರಿಗೂ ಆಗುವುದಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಹಾಳೆ ಇಟ್ಟರಾಯಿತಲ್ಲ ಅಂತ ಹುಡುಗರು ಕೇಳುತ್ತಾರೆ. ಹೌದು, ಈಗ ತೆಳು ಪ್ಲಾಸ್ಟಿಕ್ ಹಾಳೆ ಬಂದಿದೆ. ಮ್ಯಾಜಿಕ್ ರ‍್ಯಾಕ್ ಅಂತ ಹೆಸರಾಗಿದೆ. ಬಾಲ್ ಕೂರಲು ಅದರಲ್ಲಿ ಕತ್ತರಿಸಿದ ಜಾಗ ಇರುತ್ತದೆ. ಬಾಲ್ ಇಟ್ಟರೆ ಒಂದಕ್ಕೊಂದು ಒರಗಿ ಕೂರುತ್ತವೆ, ಬ್ರೇಕ್ ಆದ ಮೇಲೆ ಹಾಳೆ ತೆಗೆದುಬಿಡುವುದು. ಗುಳಿಯ ಕಾಟ ಬಹಳ ಮಟ್ಟಿಗೆ ಇಲ್ಲ, ಮಾರ್ಕರ್ ಕೈ ಹೇಗಿದ್ದರೂ ನಡೆಯುತ್ತದೆ. ನನಗೆ ಅದು ಇಷ್ಟ. ಹೊಟ್ಟೆಕಿಚ್ಚೂ ಇದೆ, ಒಂಬತ್ತು ವರ್ಷ ಕಲಿತದ್ದನ್ನು ಒಂದು ಹಾಳೆ ಮಾಡಿಬಿಡುತ್ತದಲ್ಲ.

ಆದರೆ ಪಕ್ಕಾ ರ‍್ಯಾಕ್‌ಗೂ ಒಂದು ಶಾಪ ಇದೆ. ರ‍್ಯಾಕ್ ಪ್ರತಿ ಸಲ ಒಂದೇ ಥರ ಇದ್ದರೆ ಬ್ರೇಕ್ ಕೂಡ ಒಂದೇ ಥರ ಆಗುತ್ತದೆ. 2001ರ ಯು.ಎಸ್. ಓಪನ್ ನೈನ್ ಬಾಲ್‌ನಲ್ಲಿ ಅಮೆರಿಕದ ಕೋರಿ ಡುಯೆಲ್ ಜೋರು ಬ್ರೇಕ್ ಬಿಟ್ಟು ಮೆತ್ತಗೆ ಹೊಡೆಯುತ್ತಾ ಹೋದರು. ಫೈನಲ್‌ನಲ್ಲಿ ಫಿನ್ಲೆಂಡಿನ ಮೀಕಾ ಇಮ್ಮೊನೆನ್ ಅವರನ್ನು 11-0 ಸೋಲಿಸಿದರು. ಹನ್ನೊಂದು ಸೊನ್ನೆ! ಸೋತವರೂ ಚಿಲ್ಲರೆ ಆಟಗಾರರಲ್ಲ. ಸಿಡಿಸುವ ಅಗತ್ಯವೇ ಇಲ್ಲ, ಬಾಲ್ ತಾನಾಗಿ ಪಾಕೆಟ್‌ಗೆ ಹೋಗುತ್ತದೆ ಅಂದರೆ ಯಾರು ಮೈ ಬೆವರಿಸುತ್ತಾರೆ? ಆಮೇಲೆ ದೊಡ್ಡ ಟೂರ್ನಮೆಂಟ್‌ಗಳಲ್ಲಿ ನಿಯಮ ಬದಲಿಸುತ್ತಾ ಬಂದರು. ಕೆಲವು ಕಡೆ ಒಂಬತ್ತು ನಂಬರನ್ನೇ ಸ್ಪಾಟ್ ಮೇಲೆ ಇಡುತ್ತಾರೆ. ಇಡೀ ರ‍್ಯಾಕ್ ಮುಂದೆ ಸರಿಯುವುದರಿಂದ ರೆಕ್ಕೆ ಬಾಲ್‌ಗೆ ಹಳೆ ದಾರಿ ತಪ್ಪುತ್ತದೆ. ಕೆಲವು ಕಡೆ ಬಿಳಿ ಬಾಲನ್ನು ನಡುವಿನ ಚೌಕದಿಂದಲೇ ಹೊಡೆಯಬೇಕು, ಪಕ್ಕದ ಕುಶನ್‌ನಿಂದ ಅಲ್ಲ. ಬ್ರೇಕ್‌ನಲ್ಲಿ ಪಾಕೆಟ್‌ಗೆ ಬಿದ್ದವು, ಬ್ರೇಕ್ ಹೊಡೆಯುವ ತುದಿಯ ಹೆಡ್ ಸ್ಟ್ರಿಂಗ್ ಗೆರೆ ದಾಟಿದವು ಎಲ್ಲ ಸೇರಿ ಮೂರಾದರೂ ಆಗಬೇಕು ಅನ್ನೋ ನಿಯಮವೂ ಇದೆ. ಜನ ಮೊದಲು ಟೈಟ್ ಆಗಲಿ ಅಂತ ಹೋರಾಡಿದರು. ಟೈಟ್ ಆದ ಮೇಲೆ ಅದರ ಲಾಭ ಕಡಿಮೆ ಮಾಡಲು ಹೋರಾಡಿದರು. ಮನುಷ್ಯರು ಹೀಗೇ ಅಲ್ವಾ.

ಸ್ನೂಕರ್ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಅದರಲ್ಲಿ ಬಾಲ್ ಸಣ್ಣದು, 52.5 ಮಿಲಿಮೀಟರ್. ಹದಿನೈದು ಕೆಂಪು ಬಾಲ್ ಗುಲಾಬಿ ಬಾಲ್‌ನ ಹಿಂದೆ, ತೀರಾ ಹತ್ತಿರ ಆದರೆ ತಾಕದ ಹಾಗೆ. ಬ್ರೇಕ್ ಮೆತ್ತಗೆ ಮಾಡುವುದರಿಂದ ಜಗಳ ಕಡಿಮೆ. ಇನ್ನು ಬಿಲಿಯರ್ಡ್ಸ್‌ನಲ್ಲಿ ಇರುವುದೇ ಮೂರು ಬಾಲ್, ಜೋಡಿಸುವ ಗೋಜೇ ಇಲ್ಲ. ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತಾದಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಗೆದ್ದದ್ದು ಆ ಮೂರು ಬಾಲ್‌ನಲ್ಲೇ. 1985ರಲ್ಲಿ ಅದೇ ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಆಟ ಕಲಿತ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್. ಹೆಸರು ಹೇಳಿದ್ದಕ್ಕೆ ಕಾರಣ ಏನಿಲ್ಲ, ಪುಣೆಯಿಂದ ಬಂದಿರುವ ಇಬ್ಬರು ಹಿಂದಿನ ಸಾಲಿನಿಂದ ಸನ್ನೆ ಮಾಡುತ್ತಿದ್ದರು.

ಮಾತು ಇಲ್ಲಿಗೆ ನಿಲ್ಲಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ಏಳೆಂಟು ಜನ ಸ್ಟೇಷನ್ ಹತ್ತಿರದ ಒಂದು ಪಾರ್ಲರ್‌ಗೆ ಹೋದೆವು. ನಮ್ಮಲ್ಲೊಬ್ಬ ಕಾಲೇಜು ಹುಡುಗ, ಅಪ್ಪನಿಗೆ ಠಾಣೆಯಲ್ಲಿ ಹೋಟೆಲು. ಅವನೇ ರ‍್ಯಾಕ್ ಹಾಕಿದ. ಹೇಳಿದ್ದೆಲ್ಲ ನೆನಪಿಟ್ಟು, ಅಕ್ಕಿಕಾಳಿನಷ್ಟು ಮುಂದೆ ಸರಿಸಿ, ನೆಟ್ಟಗೆ ಎತ್ತಿದ. ಹಿಂದಿನಿಂದ ಟಾರ್ಚ್ ಹಿಡಿದೆ. ಮೂರನೇ, ನಾಲ್ಕನೇ ಸಾಲಿನ ನಡುವೆ ಬೆಳಕಿನ ಗೆರೆ. ಮತ್ತೆ ಹಾಕಿದ, ಗೆರೆ ಪಕ್ಕಕ್ಕೆ ಓಡಿತು, ಹೋಗಲಿಲ್ಲ. ನನ್ನ ಚೀಲದಲ್ಲಿ ಕ್ಯಾಲಿಪರ್ ಇತ್ತು. ಒಂದೊಂದೇ ಅಳೆದೆವು. 57.0, 57.0, 56.9, ಹೀಗೆ. ನಾಲ್ಕನೇ ಸಾಲಿನ ನಡುವೆ ಇದ್ದ ಹನ್ನೆರಡು ನಂಬರ್ 57.2. ಬಣ್ಣ ನೋಡಿದರೂ ಗೊತ್ತಾಗುತ್ತಿತ್ತು, ಅದೊಂದು ಬೇರೆ ಮನೆಯ ಮಗು.

ಹುಡುಗ ಪಟ್ಟೆಯ ಹನ್ನೆರಡನ್ನು ಹಿಂದಿನ ಬಲ ಮೂಲೆಗೆ ಹಾಕಿದ. ಎಡ ಮೂಲೆಯಲ್ಲಿ ಪೂರ್ತಿ ಬಣ್ಣದ ಐದು ಇತ್ತು, ನಿಯಮಕ್ಕೆ ಸರಿಯಾಯಿತು. ಮತ್ತೆ ಟ್ರಯಾಂಗಲ್ ಎತ್ತಿದ. ಮೇಜಿಗೆ ಗಲ್ಲ ತಾಗಿಸಿ ಬಗ್ಗಿ ನೋಡಿದ. ‘ಬೆಳಕೇ ಇಲ್ಲ ಮಾಮ’ ಅಂದ. ಕ್ಯೂ ತಗೊಂಡ, ಚಾಕ್ ಹಚ್ಚಿದ, ಮೈಯೆಲ್ಲ ಶಕ್ತಿ ಹಾಕಿ ಹೊಡೆದ. ಬಾಲ್‌ಗಳು ಮೇಜಿನ ತುಂಬ ಸಿಡಿದವು. ಒಂದು ಬಾಲೂ ಬೀಳಲಿಲ್ಲ. ಬಿಳಿ ಬಾಲ್ ಮಾತ್ರ ಮೆಲ್ಲಗೆ ಉರುಳುತ್ತಾ ಹೋಗಿ ಸೈಡ್ ಪಾಕೆಟ್‌ಗೆ ಬಿತ್ತು.

ಹುಡುಗ ಒಂದು ಕ್ಷಣ ಮೇಜು ನೋಡಿದ. ಆಮೇಲೆ ನನ್ನನ್ನು ನೋಡಿದ.

‘ಈಗ ನೆಲ ಡೊಂಕು ಅನ್ನೋ ಹಾಗೂ ಇಲ್ಲ’ ಅಂದ.